ಬಗ್ ಸರಿಪಡಿಸಿದರೆ ಸಾಲದು, ಕಾರಣವನ್ನೂ ಬರೆದಿಡಿ
ತಂತ್ರಾಂಶ ತಂಡಗಳಲ್ಲಿ ದೋಷದ ಮೂಲ ಕಾರಣ ದಾಖಲಿಸುವ ಬಗ್ಗೆ ಒಂದು ಪರಿಚಯ

ಕಾಸರಗೋಡು, ಹೊಸೂರು, ಸೊಲ್ಲಾಪುರ, ಆದೋನಿ ಹೀಗೆ ಗಡಿನಾಡಿನ ಅನೇಕ ಕನ್ನಡ ಮನೆಗಳ ಮಕ್ಕಳು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳ ತಂತ್ರಾಂಶ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದ ಮಗಳು ರಾತ್ರಿ ಎರಡು ಗಂಟೆಗೆ ಫೋನ್ ಬಂತೆಂದು ಎದ್ದು, ಲ್ಯಾಪ್‌ಟಾಪ್ ತೆರೆದು ಏನೋ ಸರಿಪಡಿಸುವುದನ್ನು ತಂದೆತಾಯಿ ನೋಡಿರುತ್ತಾರೆ. ಬೆಳಿಗ್ಗೆ ‘ಏನಾಗಿತ್ತಮ್ಮಾ?’ ಎಂದು ಕೇಳಿದರೆ ‘ಬಗ್ ಇತ್ತಪ್ಪಾ, ಸರಿಯಾಯ್ತು’ ಎಂಬ ಉತ್ತರ. ಆರು ತಿಂಗಳ ನಂತರ ಮತ್ತೆ ಅದೇ ಫೋನ್, ಅದೇ ಬಗ್! ಆಗ ತಂಡದಲ್ಲಿ ಯಾರಿಗೂ ಹಿಂದಿನ ಸಲ ಏನು ಮಾಡಿದ್ದೆವು ಎಂಬುದು ನೆನಪಿರುವುದಿಲ್ಲ. ನೆನಪಿದ್ದವರು ಕೆಲಸ ಬಿಟ್ಟು ಬೇರೆ ಕಡೆ ಹೋಗಿರುತ್ತಾರೆ.

ನಾನು ಓದಿದ್ದು ಬಿ.ಎ., ಕೋಡ್ ಬರೆದವನಲ್ಲ. ಆದರೆ ಬರೆದಿಡದ ಸಂಗತಿ ಉಳಿಯುವುದಿಲ್ಲ ಎಂಬುದನ್ನು ವರದಿಗಾರಿಕೆ ನನಗೆ ಕಲಿಸಿದೆ. ತಂತ್ರಾಂಶದ ದೋಷಗಳಿಗೂ ಈ ಮಾತು ಅನ್ವಯಿಸುತ್ತದೆ. ಅದು ಹೇಗೆಂದು ಇಲ್ಲಿ ನೋಡೋಣ.

ಪುಸ್ತಕಕ್ಕೆ ಅಂಟಿಸಿದ ಪತಂಗ

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ‘ಮಾರ್ಕ್-2’ ಎಂಬ ಭಾರೀ ಗಣಕಯಂತ್ರದ ಒಂದು ರಿಲೇಯೊಳಗೆ ಪತಂಗವೊಂದು ಸಿಕ್ಕಿಹಾಕಿಕೊಂಡಿತ್ತು. ಅಲ್ಲಿನ ಕೆಲಸಗಾರರು ಅದನ್ನು ಹೊರತೆಗೆದು ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಅಂಟಿಸಿ, ಸಮಯ ಬರೆದು, ಯಾವ ಫಲಕದ ಯಾವ ರಿಲೇಯಲ್ಲಿ ಸಿಕ್ಕಿತೆಂದು ದಾಖಲಿಸಿದರು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಕಥೆಯನ್ನು ಜನಪ್ರಿಯಗೊಳಿಸಿದವರು ಗಣಕ ವಿಜ್ಞಾನಿ ಗ್ರೇಸ್ ಹಾಪರ್.

‘ಬಗ್’ ಎಂಬ ಪದ ಹುಟ್ಟಿದ್ದೇ ಅಂದು ಎಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ಯಂತ್ರದ ತೊಂದರೆಗೆ ಈ ಪದವನ್ನು ಥಾಮಸ್ ಎಡಿಸನ್ 1878ರಲ್ಲೇ ಬಳಸಿದ್ದರು. ಆದರೂ ಆ ಪುಟದಲ್ಲಿ ಒಂದು ಪಾಠವಿದೆ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಎಂಬ ಮೂರೂ ಅದರಲ್ಲಿವೆ. ಪುರಾವೆಯೂ ಜೊತೆಗೇ ಇದೆ!

ಲಕ್ಷಣ ಬೇರೆ, ದೋಷ ಬೇರೆ, ಕಾರಣ ಬೇರೆ

ಜ್ವರ ಬಂದವನಿಗೆ ಮೈ ಬಿಸಿಯಾಗುವುದು ಲಕ್ಷಣ, ಮಲೇರಿಯಾ ಎಂಬುದು ರೋಗ. ಮನೆಯ ಹಿಂದೆ ನಿಂತ ನೀರಿನಲ್ಲಿ ಸೊಳ್ಳೆ ಬೆಳೆದದ್ದು ಕಾರಣ. ಮಾತ್ರೆ ನುಂಗಿದರೆ ಜ್ವರ ಇಳಿಯಬಹುದು, ಆದರೆ ನೀರು ಹಾಗೇ ನಿಂತಿದ್ದರೆ ಮನೆಯ ಇನ್ನೊಬ್ಬರು ಮಲಗುತ್ತಾರೆ. ತಂತ್ರಾಂಶದಲ್ಲೂ ಈ ಮೂರನ್ನು ಬೇರೆ ಬೇರೆಯಾಗಿಯೇ ಬರೆಯಬೇಕು.

ಇದಕ್ಕೊಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಒಂದು ಹಾಲು ಉತ್ಪಾದಕರ ಸಂಘ ಎಂದಿಟ್ಟುಕೊಳ್ಳಿ. ಹಾಲು ಅಳೆಯುವ ಕಡೆ ಒಂದು ಟ್ಯಾಬ್, ಕಚೇರಿಯಲ್ಲಿ ಬಿಲ್ ಮಾಡುವ ಕಂಪ್ಯೂಟರ್. ಮೇ 1ರಿಂದ ಹೊಸ ಟ್ಯಾಬ್ ಬಂತು. ಮೇ 13ರ ಬೆಳಿಗ್ಗೆ ಟ್ಯಾಬ್ ಕಳಿಸಿದ ಲೆಕ್ಕವನ್ನು ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಇದು ಲಕ್ಷಣ.

ನೋಡಿದರೆ ಟ್ಯಾಬ್ ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಬರೆದು 05/13 ಎಂದು ಕಳಿಸುತ್ತಿದೆ. ಕಚೇರಿಯ ಕಂಪ್ಯೂಟರು ನಮ್ಮ ರೂಢಿಯಂತೆ ಮೊದಲಿನದನ್ನು ದಿನವೆಂದು ಓದುತ್ತದೆ. ಹದಿಮೂರನೇ ತಿಂಗಳು ಎಂಬುದು ಇಲ್ಲವಲ್ಲ, ಆದ್ದರಿಂದ ಲೆಕ್ಕವನ್ನು ತಿರಸ್ಕರಿಸಿತು. ಇದು ದೋಷ.

ಈಗ ಅವಸರದ ಹುಡುಗನೊಬ್ಬ ‘ತಿಂಗಳು ಹನ್ನೆರಡಕ್ಕಿಂತ ಹೆಚ್ಚಿದ್ದರೆ ಅದಲುಬದಲು ಮಾಡು’ ಎಂದು ಒಂದು ಸಾಲು ಸೇರಿಸಿ, ‘ಸರಿಯಾಯ್ತು’ ಎಂದು ಬರೆದು ಮನೆಗೆ ಹೋದ ಎನ್ನಿ. 13ರಿಂದ ಮುಂದಿನ ಲೆಕ್ಕ ಸರಾಗವಾಗಿ ಹೋಗುತ್ತದೆ. ಆದರೆ ಮೊದಲ ಹನ್ನೆರಡು ದಿನಗಳದ್ದು? ಮೇ 1ರ ಹಾಲು ಜನವರಿ 5ಕ್ಕೆ, ಮೇ 2ರ ಹಾಲು ಫೆಬ್ರವರಿ 5ಕ್ಕೆ, ಮೇ 12ರ ಹಾಲು ಡಿಸೆಂಬರ್ 5ಕ್ಕೆ ಜಮೆಯಾಗಿದೆ. ಮೇ 5ರದ್ದು ಮಾತ್ರ ಸರಿ. ಹನ್ನೊಂದು ದಿನದ ಹಾಲಿನ ಹಣ ರೈತನ ಬಿಲ್ಲಿನಲ್ಲಿಲ್ಲ! ಜೂನ್ 1ರಿಂದ 12ರವರೆಗೆ ಮತ್ತೆ ಇದೇ ಆಗುತ್ತದೆ, ಮತ್ತು ಈ ಸಲ ಎಚ್ಚರಿಸುವ ತಿರಸ್ಕಾರವೂ ಇರುವುದಿಲ್ಲ. ಲಕ್ಷಣವನ್ನು ಮುಚ್ಚಿದ್ದರಿಂದ ರೋಗ ಇನ್ನಷ್ಟು ಒಳಗೆ ಹೋಯಿತು.

‘ಏಕೆ’ ಎಂದು ಎಷ್ಟು ಸಲ ಕೇಳಬೇಕು?

ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ ಒಂದು ತೊಂದರೆ ಬಂದರೆ ಐದು ಸಲ ‘ಏಕೆ’ ಎಂದು ಕೇಳುವ ಪದ್ಧತಿ ಬೆಳೆಯಿತು. ತೈಚಿ ಓನೊ ಎಂಬ ಎಂಜಿನಿಯರ್ 1978ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ನಮ್ಮ ಹಾಲಿನ ಲೆಕ್ಕಕ್ಕೆ ಇದನ್ನು ಹಚ್ಚೋಣ.

ಕಂಪ್ಯೂಟರ್ ಏಕೆ ತಿರಸ್ಕರಿಸಿತು? ತಿಂಗಳ ಜಾಗದಲ್ಲಿ 13 ಇತ್ತು.
ಏಕೆ ಇತ್ತು? ಟ್ಯಾಬ್ ತಿಂಗಳನ್ನು ಮೊದಲು ಬರೆಯಿತು.
ಏಕೆ ಬರೆಯಿತು? ಟ್ಯಾಬಿನ ದೇಶದ ಆಯ್ಕೆ ಅಮೆರಿಕ ಎಂದಿತ್ತು, ಪ್ರೋಗ್ರಾಂ ಅದನ್ನೇ ನಂಬಿತು.
ಏಕೆ ನಂಬಿತು? ಎರಡು ಪ್ರೋಗ್ರಾಂಗಳ ನಡುವೆ ದಿನಾಂಕ ಯಾವ ರೂಪದಲ್ಲಿ ಹೋಗಬೇಕೆಂದು ಎಲ್ಲೂ ಬರೆದಿರಲಿಲ್ಲ.
ಪರೀಕ್ಷೆಯಲ್ಲಿ ಏಕೆ ಸಿಕ್ಕಲಿಲ್ಲ? ಪರೀಕ್ಷೆಗೆ ಬಳಸಿದ ದಿನಾಂಕ ಜನವರಿ 1. ಅದು ಎರಡೂ ರೂಢಿಯಲ್ಲಿ ಒಂದೇ!

ನಾಲ್ಕನೆಯ ಉತ್ತರಕ್ಕೆ ಬಂದಾಗ ಪರಿಹಾರ ತಾನೇ ಕಾಣುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ದಿನಾಂಕ ಕಳಿಸಬೇಕೆಂದು ಬರೆದಿಡಬೇಕು, 12ಕ್ಕಿಂತ ದೊಡ್ಡ ತಾರೀಕಿನಿಂದಲೂ ಚಿಕ್ಕ ತಾರೀಕಿನಿಂದಲೂ ಪರೀಕ್ಷಿಸಬೇಕು, ತಪ್ಪು ತಿಂಗಳಿಗೆ ಹೋದ ಲೆಕ್ಕವನ್ನು ಹುಡುಕಿ ಸರಿಪಡಿಸಬೇಕು.

ಐದು ಎಂಬುದು ಮಂತ್ರಸಂಖ್ಯೆಯಲ್ಲ. ಮೂರಕ್ಕೇ ಮುಗಿಯಬಹುದು, ಎಂಟಕ್ಕೂ ಹೋಗಬಹುದು. ಕಾರಣಗಳು ಸಾಲಾಗಿಯೇ ಇರಬೇಕೆಂದೂ ಇಲ್ಲ, ಮರದ ಬೇರಿನಂತೆ ಕವಲೊಡೆಯಬಹುದು. ಮೇಲಿನ ಉದಾಹರಣೆಯಲ್ಲೇ ‘ಏಕೆ ಆಯಿತು’ ಎಂಬುದು ಒಂದು ಕವಲು, ‘ಮೊದಲೇ ಏಕೆ ಸಿಕ್ಕಲಿಲ್ಲ’ ಎಂಬುದು ಇನ್ನೊಂದು ಕವಲು. ಎರಡಕ್ಕೂ ಉತ್ತರ ಬೇಕು.

ಏರಿಯನ್-5: ಬರೆದಿಡದ ಒಂದು ನಿರ್ಧಾರ

1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರೂ ನೆಲೆಯಿಂದ ಯುರೋಪಿನ ಹೊಸ ರಾಕೆಟ್ ಏರಿಯನ್-5 ಮೊದಲ ಬಾರಿಗೆ ಹಾರಿತು. ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ, ಮುರಿದು ಸಿಡಿಯಿತು. ಜೊತೆಗೆ ‘ಕ್ಲಸ್ಟರ್’ ಎಂಬ ನಾಲ್ಕು ವಿಜ್ಞಾನ ಉಪಗ್ರಹಗಳೂ ನಾಶವಾದವು.

ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಜುಲೈ 19ರ ದಿನಾಂಕದ ವರದಿ ಕೊಟ್ಟಿತು. ರಾಕೆಟ್ಟಿನ ದಿಕ್ಕು ಅಳೆಯುವ ಉಪಕರಣದ ತಂತ್ರಾಂಶದಲ್ಲಿ 64 ಬಿಟ್‌ಗಳ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಬದಲಾಯಿಸುವ ಕಡೆ ತಪ್ಪಾಗಿತ್ತು. ಅಂತಹ ಪೂರ್ಣಾಂಕದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಪಾವು ಸೇರಿನ ಪಾತ್ರೆಗೆ ಕೊಡ ನೀರು ಸುರಿದಂತಾಯಿತು. ಉಪಕರಣ ಕೈಚೆಲ್ಲಿತು. ಅದಕ್ಕೆ ಬದಲಿಯಾಗಿ ಇಟ್ಟಿದ್ದ ಇನ್ನೊಂದು ಉಪಕರಣದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ಮೊದಲೇ ನಿಂತುಹೋಗಿತ್ತು.

ಮಂಡಳಿ ಇಷ್ಟಕ್ಕೇ ನಿಲ್ಲಿಸಲಿಲ್ಲ. ಆ ತಂತ್ರಾಂಶ ಹಿಂದಿನ ಏರಿಯನ್-4ರಿಂದ ಬಂದದ್ದು. ಹಳೆಯ ರಾಕೆಟ್ಟಿನ ವೇಗದಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಅಡ್ಡಡ್ಡ ವೇಗ ಹೆಚ್ಚಿದ್ದ ಹೊಸ ರಾಕೆಟ್ಟಿನಲ್ಲಿ ಆಯಿತು. ಅಪಾಯವಿರಬಹುದಾದ ಏಳು ಸಂಖ್ಯೆಗಳ ಪೈಕಿ ನಾಲ್ಕಕ್ಕೆ ರಕ್ಷಣೆ ಕೊಟ್ಟು, ಗಣಕದ ಮೇಲಿನ ಹೊರೆ ಮಿತಿ ಮೀರದಿರಲೆಂದು ಮೂರನ್ನು ಹಾಗೇ ಬಿಡಲಾಗಿತ್ತು. ಹೊಸ ರಾಕೆಟ್ಟಿನ ನಿಜವಾದ ಹಾದಿಯ ಅಂಕಿಗಳನ್ನು ಕೊಟ್ಟು ಉಪಕರಣವನ್ನು ಪರೀಕ್ಷಿಸಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ದೋಷ ಬಂದ ಲೆಕ್ಕ ಏರಿಯನ್-5 ನೆಲ ಬಿಟ್ಟ ಮೇಲೆ ಬೇಕೇ ಇರದ ಲೆಕ್ಕ. ಹಳೆಯ ರಾಕೆಟ್ಟಿನ ಅಗತ್ಯಕ್ಕಾಗಿ ಇದ್ದದ್ದು ಹಾಗೇ ಉಳಿದುಕೊಂಡಿತ್ತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ವರದಿಯ ಇನ್ನೊಂದು ಅಂಶ. ಆ ಮೂರು ಸಂಖ್ಯೆಗಳನ್ನು ರಕ್ಷಣೆಯಿಲ್ಲದೆ ಏಕೆ ಬಿಟ್ಟೆವು ಎಂಬ ಸಮರ್ಥನೆ ಕೋಡಿನಲ್ಲಿ ನೇರವಾಗಿ ಎಲ್ಲೂ ಬರೆದಿರಲಿಲ್ಲ. ನಿರ್ಧಾರವನ್ನು ಹಲವರು ಕೂಡಿ ಒಪ್ಪಿಯೇ ಮಾಡಿದ್ದರು, ಆದರೆ ರಾಶಿ ದಾಖಲೆಗಳ ನಡುವೆ ಅದು ಹೊರಗಿನ ಪರಿಶೀಲಕರ ಕಣ್ಣಿಗೆ ಬೀಳದಂತಾಗಿತ್ತು. ‘ಈ ರಾಕೆಟ್ಟಿಗೆ ಮಾತ್ರ ಇದು ಸರಿ’ ಎಂಬ ಒಂದು ಸಾಲು ಆ ಜಾಗದಲ್ಲೇ ಇದ್ದಿದ್ದರೆ, ಹೊಸ ರಾಕೆಟ್ಟಿಗೆ ತಂದವರು ಒಮ್ಮೆ ನಿಂತು ಯೋಚಿಸುತ್ತಿದ್ದರೇನೋ.

ವರದಿಯನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಮುಂದಿನ ಪೀಳಿಗೆಯ ಎಂಜಿನಿಯರುಗಳೂ ಅದನ್ನು ಓದಿ ಕಲಿಯುವಂತಾಯಿತು. ಏರಿಯನ್-5 ಮತ್ತೆ ಎದ್ದು ನಿಂತು 2023ರ ಜುಲೈವರೆಗೆ ಹಾರಿತು. ನಮ್ಮ ಹಾಸನದ ಇಸ್ರೋ ಕೇಂದ್ರದವರು ನಿಯಂತ್ರಿಸಿದ ಇನ್ಸಾಟ್-3ಬಿ ಉಪಗ್ರಹ 2000ದ ಮಾರ್ಚ್‌ನಲ್ಲಿ ಬಾಹ್ಯಾಕಾಶಕ್ಕೆ ಹೋದದ್ದು ಇದೇ ರಾಕೆಟ್ಟಿನಲ್ಲಿ.

ಹಿಂದಿನ ತಪ್ಪಿನಿಂದ ಕಲಿಯದಿದ್ದರೆ

ಇನ್ನೊಂದು ಘಟನೆ ಅಮೆರಿಕದ ಷೇರು ಮಾರುಕಟ್ಟೆಯದು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ಗಣಕಗಳು ಸುಮಾರು 45 ನಿಮಿಷ ಹುಚ್ಚು ಹಿಡಿದಂತೆ ಷೇರು ಕೊಂಡು ಮಾರಿ, 46 ಕೋಟಿ ಡಾಲರಿಗೂ ಹೆಚ್ಚು ನಷ್ಟ ಮಾಡಿದವು. ಅಲ್ಲಿನ ನಿಯಂತ್ರಣ ಆಯೋಗ 2013ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದಲ್ಲಿ ಇಡೀ ಕಥೆ ಇದೆ.

ಎಂಟು ಸರ್ವರುಗಳ ಪೈಕಿ ಏಳಕ್ಕೆ ಹೊಸ ಕೋಡ್ ಹಾಕಿದ್ದರು, ಒಂದನ್ನು ಮರೆತಿದ್ದರು. ಆ ಒಂದರಲ್ಲಿ 2003ರಿಂದ ಬಳಕೆಯಲ್ಲಿಲ್ಲದ ಹಳೆಯ ಕೋಡ್ ಇನ್ನೂ ಕುಳಿತಿತ್ತು. ಹೊಸ ಕೆಲಸಕ್ಕೆ ಬಳಸಿದ ಗುರುತು ಹಳೆಯ ಕೋಡನ್ನು ಎಬ್ಬಿಸಿತು. ಮಾರುಕಟ್ಟೆ ತೆರೆಯುವ ಮೊದಲೇ 97 ಇ-ಮೇಲ್‌ಗಳು ತೊಂದರೆಯ ಸೂಚನೆ ಕೊಟ್ಟಿದ್ದವು, ಅವನ್ನು ಯಾರೂ ಎಚ್ಚರಿಕೆಯೆಂದು ಪರಿಗಣಿಸಲಿಲ್ಲ. ಕೋಡ್ ಹಾಕಿದ್ದನ್ನು ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಇರಲಿಲ್ಲ. ಗಾಬರಿಯಲ್ಲಿ ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಹೊಸ ಕೋಡನ್ನು ತೆಗೆದರು. ಆಗ ಎಂಟರಲ್ಲೂ ಹಳೆಯ ಕೋಡ್ ಓಡತೊಡಗಿತು! ಕಾರಣ ತಿಳಿಯದೆ ಮಾಡುವ ರಿಪೇರಿ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅದೇ ಸಂಸ್ಥೆಯಲ್ಲಿ 2011ರ ಅಕ್ಟೋಬರಿನಲ್ಲೇ ಪರೀಕ್ಷೆಯ ಅಂಕಿಅಂಶಗಳಿಂದಾಗಿ ಸುಮಾರು 75 ಲಕ್ಷ ಡಾಲರ್ ನಷ್ಟವಾಗಿತ್ತು. ಆಗ ಆ ಒಂದು ತೊಂದರೆಯನ್ನಷ್ಟೇ ಸರಿಪಡಿಸಿ, ಇಂಥದ್ದನ್ನು ತಡೆಯುವ ವ್ಯವಸ್ಥೆ ನಮ್ಮಲ್ಲಿ ಇದೆಯೇ ಎಂದು ವಿಶಾಲವಾಗಿ ನೋಡಲಿಲ್ಲವೆಂದು ಆಯೋಗ ಆಕ್ಷೇಪಿಸಿತು.

ದಾಖಲೆಯಲ್ಲಿ ಏನೇನಿರಬೇಕು?

ಇದಕ್ಕೆ ದೊಡ್ಡ ವರದಿ ಬೇಕಿಲ್ಲ. ಒಂದು ಪುಟ ಸಾಕು. ಈ ಕೆಳಗಿನ ಅಂಶಗಳಿರಲಿ.

1. ಲಕ್ಷಣ: ಬಳಕೆದಾರರಿಗೆ ಏನು ಕಾಣಿಸಿತು, ಯಾವಾಗ, ಎಷ್ಟು ಮಂದಿಗೆ.
2. ದೋಷ: ಕೋಡಿನಲ್ಲಿ, ಸಂಯೋಜನೆಯಲ್ಲಿ ಅಥವಾ ಅಂಕಿಅಂಶದಲ್ಲಿ ಏನು ತಪ್ಪಿತ್ತು.
3. ಮೂಲ ಕಾರಣ: ಆ ತಪ್ಪು ಒಳಗೆ ಬಂದದ್ದು ಹೇಗೆ.
4. ನೆರವಾದ ಕಾರಣಗಳು: ತೊಂದರೆ ಹೆಚ್ಚಾಗಲು ಬೇರೇನು ಸೇರಿತು.
5. ಮೊದಲೇ ಸಿಗದಿದ್ದುದೇಕೆ: ಪರಿಶೀಲನೆ, ಪರೀಕ್ಷೆಗಳ ಯಾವ ಜರಡಿಯಿಂದ ಜಾರಿತು.
6. ಪುರಾವೆ: ಲಾಗ್, ಅಂಕಿ, ತೊಂದರೆಯನ್ನು ಮತ್ತೆ ತರಿಸುವ ವಿಧಾನ. ಖಚಿತವಾದದ್ದು ಯಾವುದು, ಊಹೆ ಯಾವುದು ಎಂಬುದು ಸ್ಪಷ್ಟವಿರಲಿ.
7. ಪರಿಹಾರ: ತಾತ್ಕಾಲಿಕವಾದದ್ದು ಬೇರೆ, ಶಾಶ್ವತವಾದದ್ದು ಬೇರೆ.
8. ಮುಂದಿನ ಕೆಲಸ: ಯಾರು, ಯಾವ ದಿನದೊಳಗೆ ಮಾಡುತ್ತಾರೆ.

ಎಂಟನೆಯದು ಇಲ್ಲದಿದ್ದರೆ ಉಳಿದ ಏಳೂ ಕಪಾಟಿನ ಕಾಗದವಾಗುತ್ತವೆ. ‘ಇನ್ನು ಮುಂದೆ ಎಚ್ಚರ ವಹಿಸಲಾಗುವುದು’ ಎಂಬುದು ಪರಿಹಾರವಲ್ಲ. ಮನುಷ್ಯ ಎಚ್ಚರ ತಪ್ಪುತ್ತಾನೆ ಎಂದು ಒಪ್ಪಿಕೊಂಡೇ ತಡೆ ಕಟ್ಟಬೇಕು.

ಬರೆಯುವ ಕಾಲವೂ ಮುಖ್ಯ. ತೊಂದರೆ ತೀರಿದ ಒಂದೆರಡು ದಿನಗಳಲ್ಲೇ, ನೆನಪು ಹಸಿಯಾಗಿರುವಾಗ, ಸರಿಪಡಿಸಿದವರೇ ಬರೆಯಲಿ. ಆ ಕೆಲಸದಲ್ಲಿ ಇರದ ಇನ್ನೊಬ್ಬರು ಓದಲಿ. ಅವರಿಗೆ ಅರ್ಥವಾಗದಿದ್ದರೆ ಮುಂದಿನ ವರ್ಷ ಸೇರುವ ಹೊಸಬರಿಗೂ ಅರ್ಥವಾಗದು. ಬಗ್‌ಜಿಲ್ಲಾ, ಜಿರಾ ಮುಂತಾದ ಸಾಧನಗಳಲ್ಲಿ ಆ ದೋಷದ ಸಂಖ್ಯೆಯ ಅಡಿಯಲ್ಲೇ ಬರಹ ಇರಲಿ, ಕೋಡ್ ಬದಲಾವಣೆಯ ಟಿಪ್ಪಣಿಯಲ್ಲೂ ಆ ಸಂಖ್ಯೆ ಬರಲಿ. ಖಾಸಗಿ ಇ-ಮೇಲ್‌ಗಳಲ್ಲಿ ಹಂಚಿಹೋದ ಮಾಹಿತಿ ಇದ್ದೂ ಇಲ್ಲದಂತೆ. 1999ರ ಸೆಪ್ಟೆಂಬರ್ 23ರಂದು ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳನ ಬಳಿ ಕಳೆದುಹೋಯಿತು. ಒಂದು ಕಡೆ ಪೌಂಡ್ ಲೆಕ್ಕ, ಇನ್ನೊಂದು ಕಡೆ ಮೆಟ್ರಿಕ್ ಲೆಕ್ಕ ಬಳಸಿದ್ದೇ ಮೂಲ ಕಾರಣ ಎಂದು ಗೊತ್ತಾಯಿತು. ಪಥದಲ್ಲಿ ಏನೋ ಹೆಚ್ಚುಕಡಿಮೆ ಇದೆ ಎಂದು ಕೆಲವರಿಗೆ ಮೊದಲೇ ಅನಿಸಿತ್ತು. ಆದರೆ ಆ ಅನುಮಾನಗಳು ಔಪಚಾರಿಕ ದಾಖಲೆಯ ಹಾದಿಯಲ್ಲಿ ಮೇಲಕ್ಕೆ ಹೋಗಲಿಲ್ಲ.

ನೂರು ದಾಖಲೆ ಸೇರಿದ ಮೇಲೆ

ಒಂದೊಂದು ದಾಖಲೆಯೂ ಒಂದು ಬಗ್‌ನ ಕಥೆ. ನೂರು ಸೇರಿದರೆ ತಂಡದ ಆರೋಗ್ಯದ ಪಟ್ಟಿ. ಇದನ್ನು ಶಾಸ್ತ್ರೀಯವಾಗಿ ಮಾಡಿದವರಲ್ಲಿ ಒಬ್ಬರು ರಾಮ್ ಚಿಲ್ಲರಿಗೆ. ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಓದಿದ ಅವರು ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದಾಗ ಸಹೋದ್ಯೋಗಿಗಳೊಂದಿಗೆ 1992ರಲ್ಲಿ ದೋಷಗಳನ್ನು ವರ್ಗೀಕರಿಸುವ ಒಂದು ಪದ್ಧತಿಯನ್ನು ಪ್ರಕಟಿಸಿದರು. ಮೌಲ್ಯ ಕೊಡುವುದರಲ್ಲಿ ತಪ್ಪು, ತಪಾಸಣೆಯಲ್ಲಿ ತಪ್ಪು, ಎರಡು ಭಾಗಗಳ ನಡುವಿನ ಹೊಂದಾಣಿಕೆಯಲ್ಲಿ ತಪ್ಪು, ಸಮಯದ ಕ್ರಮದಲ್ಲಿ ತಪ್ಪು ಹೀಗೆ ಕೆಲವೇ ವರ್ಗಗಳು. ಯಾವ ವರ್ಗ ಹೆಚ್ಚುತ್ತಿದೆ ಎಂದು ನೋಡಿದರೆ ಕೆಲಸದ ಯಾವ ಹಂತ ಸೊರಗಿದೆ ಎಂಬುದು ತಿಳಿಯುತ್ತದೆ.

ಸಣ್ಣ ತಂಡಗಳಿಗೆ ಇಷ್ಟು ಬೇಡ. ತಿಂಗಳಿಗೊಮ್ಮೆ ದಾಖಲೆಗಳನ್ನು ಮುಂದಿಟ್ಟುಕೊಂಡು ‘ಇವುಗಳಲ್ಲಿ ಎಷ್ಟು ನಮ್ಮೊಳಗಿನ ಮಾತುಕತೆ ಸಾಲದೆ ಬಂದವು, ಎಷ್ಟು ಮರೆವಿನಿಂದ, ಎಷ್ಟು ತಿಳಿವಳಿಕೆಯ ಕೊರತೆಯಿಂದ?’ ಎಂದು ಎಣಿಸಿದರೂ ಸಾಕಷ್ಟು ತಿಳಿಯುತ್ತದೆ. ಎಲ್ಲ ಬಗ್‌ಗಳಿಗೂ ಒಂದು ಪುಟ ಬರೆಯಬೇಕಾಗಿಲ್ಲ. ಕಾಗುಣಿತದ ತಪ್ಪಿಗೆ ಒಂದು ಸಾಲು ಸಾಕು. ಹಣ, ಪ್ರಾಣ, ಮಾಹಿತಿ ನಷ್ಟವಾದದ್ದಕ್ಕೂ ಎರಡನೇ ಸಲ ಬಂದದ್ದಕ್ಕೂ ಪೂರ್ಣ ದಾಖಲೆ ಬೇಕು.

ಹೆಸರಲ್ಲ, ಕಾರಣ

ಇಷ್ಟೆಲ್ಲ ಗೊತ್ತಿದ್ದೂ ತಂಡಗಳು ಏಕೆ ಬರೆಯುವುದಿಲ್ಲ? ಬಹುಮಟ್ಟಿಗೆ ಭಯದಿಂದ. ‘ಮೂಲ ಕಾರಣ: ಇಂಥವರ ನಿರ್ಲಕ್ಷ್ಯ’ ಎಂದು ಬರೆಯುವ ಕಡೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಅದರಲ್ಲೂ ಹೊಸದಾಗಿ ಸೇರಿದ, ಹಳ್ಳಿಯಿಂದ ಬಂದ, ಇಂಗ್ಲಿಷಿನಲ್ಲಿ ಬರೆಯಲು ಅಳುಕುವ ಮಕ್ಕಳು ಬಾಯಿ ಬಿಡುವುದೇ ಇಲ್ಲ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರೊಬ್ಬರು ತಡರಾತ್ರಿಯ ದಣಿವಿನಲ್ಲಿ ಒಂದು ಸರ್ವರ್ ಎಂದುಕೊಂಡು ಇನ್ನೊಂದರ, ಅಂದರೆ ಮುಖ್ಯ ಸರ್ವರಿನ, ಮಾಹಿತಿ ಅಳಿಸಿಬಿಟ್ಟರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಕೊನೆಗೆ ಸುಮಾರು ಆರು ಗಂಟೆಗಳ ಅವಧಿಯ ಮಾಹಿತಿ ಮರಳಿ ಸಿಗಲೇ ಇಲ್ಲ. ಕಂಪನಿ ಫೆಬ್ರವರಿಯಲ್ಲಿ ಎಲ್ಲರೂ ಓದಬಹುದಾದ ವರದಿ ಹೊರಡಿಸಿತು. ಅದು ‘ಅವರು ಅಳಿಸಿದರು’ ಎಂದು ನಿಲ್ಲಲಿಲ್ಲ. ಬ್ಯಾಕಪ್ ಏಕೆ ಇರಲಿಲ್ಲ ಎಂದು ಕೇಳಿತು. ಪ್ರತಿದಿನದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು, ವಿಫಲವಾಯಿತೆಂದು ತಿಳಿಸುವ ಇ-ಮೇಲ್‌ಗಳೂ ತಲುಪುತ್ತಿರಲಿಲ್ಲ. ಬ್ಯಾಕಪ್ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಹೊಣೆಯೇ ಯಾರಿಗೂ ಇರಲಿಲ್ಲ! ಆ ಎಂಜಿನಿಯರನ್ನು ಮನೆಗೆ ಕಳಿಸಿದ್ದರೂ ಇವು ಯಾವುವೂ ಸರಿಯಾಗುತ್ತಿರಲಿಲ್ಲ.

ಇದರರ್ಥ ಹೊಣೆಗಾರಿಕೆ ಬೇಡವೆಂದಲ್ಲ. ನಡೆದದ್ದನ್ನು ಪೂರ್ತಿಯಾಗಿ, ಪ್ರಾಮಾಣಿಕವಾಗಿ ಹೇಳುವುದೇ ಮೊದಲ ಹೊಣೆ. ಹಾಗೆ ಹೇಳಿದವರಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುವುದು ಮುಂದಾಳುವಿನ ಹೊಣೆ. ದಾಖಲೆಯಲ್ಲಿ ‘ಯಾರು’ ಎಂಬ ಪ್ರಶ್ನೆ ಬಂದಾಗಲೆಲ್ಲ ‘ಆ ಹೊತ್ತಿನಲ್ಲಿ ಅವರಿಗೆ ಅದೇ ಸರಿಯೆಂದು ಏಕೆ ಕಂಡಿತು?’ ಎಂದು ಬದಲಿಸಿ ಕೇಳಿದರೆ ಉಪಯೋಗದ ಉತ್ತರ ಬರುತ್ತದೆ.

ತಂತ್ರಾಂಶದ ಕೆಲಸಕ್ಕೆ ಹೊರಟಿರುವ ನಮ್ಮ ಕಡೆಯ ಮಕ್ಕಳಿಗೆ ಒಂದು ಮಾತು. ದಾಖಲೆಗೆ ಅಲಂಕಾರದ ಇಂಗ್ಲಿಷ್ ಬೇಡ. ಸಣ್ಣ ವಾಕ್ಯ, ಸರಿಯಾದ ತಾರೀಕು, ಕಂಡದ್ದು ಕಂಡಂತೆ ಇದ್ದರೆ ಸಾಕು. ಮೊದಲು ಕನ್ನಡದಲ್ಲೇ ಯೋಚಿಸಿ ಗುರುತು ಹಾಕಿಕೊಂಡು ಆಮೇಲೆ ತಂಡದ ಭಾಷೆಗೆ ತಂದರೂ ತಪ್ಪಿಲ್ಲ. ಬಗ್ ಸರಿಪಡಿಸಿದ ರಾತ್ರಿ ಮಲಗುವ ಮೊದಲು ನಾಲ್ಕು ಸಾಲು ಬರೆದಿಡಿ. ಅದೇ ಬಗ್ ಮತ್ತೆ ಬಂದರೆ, ಮುಂದಿನ ರಾತ್ರಿ ಎರಡು ಗಂಟೆಗೆ ಎದ್ದು ಕೂರುವವರಿಗೆ ಆ ನಾಲ್ಕು ಸಾಲೇ ದಾರಿದೀಪ.